ಪರದೆಯ ಮೇಲಿನ ಹಸಿರು ಚುಕ್ಕಿ

ಬಾಂಬು ಮತ್ತೆ ನೀರಿಗೆ ಬಿತ್ತು. ಸೇತುವೆ ಕೂದಲೂ ಕೊಂಕದೆ ನಿಂತಿತ್ತು. ಅದರ ಮೇಲೊಂದು ಲಾರಿ ಅವಸರವಿಲ್ಲದೆ ದಾಟುತ್ತಿತ್ತು.

‘ಅತ್ತಿಗೆ, ಆ ಮೀನುಗಳು ನಿಮಗೇನು ಮಾಡಿದ್ವು?’ ಹೆಡ್‌ಫೋನಿನಲ್ಲಿ ಬಸ್ ಡ್ರೈವರ್ ಕೇಳಿದ.

‘ಸುಮ್ನಿರೋ,’ ಎಂದರು ಹಲ್ಲಿನ ಡಾಕ್ಟರು. ‘ನಿಧಾನಿ, ಇನ್ನೊಂದು ಸುತ್ತು ಬಾ.’

ನಿಧಾನಿ ನಾನಲ್ಲ. ಅದು ನನ್ನ ಗಂಡನಿಗೆ ಇವರಿಬ್ಬರು ಇಟ್ಟ ಅಡ್ಡಹೆಸರು. ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಆಟ ಇದು. ಆಟ ಎಂದರೆ ಅವನು ಮುಖ ಸಿಂಡರಿಸುತ್ತಿದ್ದ. ಮೂವರ ತಂಡ. ಡಾಕ್ಟರೂ ಡ್ರೈವರೂ ಮೇಲೆ ಕಾವಲಿರಬೇಕು, ನಿಧಾನಿ ಕೆಳಗಿಳಿದು ಬಾಂಬು ಹಾಕಬೇಕು. ಹಾರುತ್ತಿರುವಾಗ ಅಡ್ಡಹೆಸರಿನಿಂದ, ಏಕವಚನದಲ್ಲೇ ಕರೆಯುವುದು ಅವರ ರೂಢಿ. ಡ್ರೈವರ್ ಮಾತ್ರ ಮರೆತು ಅತ್ತಿಗೆ ಎನ್ನುತ್ತಾನೆ.

ನನ್ನ ಗಂಡ ಹೋದದ್ದು ಬೇಸಿಗೆಯಲ್ಲಿ. ಬೈಕು, ತಿರುವು, ಮರಳು. ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಆಮೇಲೆ ಮನೆಗೆ ಬಂದವರೆಲ್ಲ ‘ಹೋದವರು’ ಎಂದರು, ‘ಪಾಪ’ ಎಂದರು. ಅವನನ್ನು ಕರೆಯುವುದನ್ನು ಎಲ್ಲರೂ ನಿಲ್ಲಿಸಿದರು, ಅತ್ತೆ ಕೂಡ. ಈ ಹೆಡ್‌ಫೋನಿನೊಳಗೆ ಮಾತ್ರ ಇನ್ನೂ ಕರೆಯುತ್ತಾರೆ. ನಿಧಾನಿ, ಎಡಕ್ಕೆ ನೋಡು. ನಿಧಾನಿ, ಎಲ್ಲಿದ್ದೀಯ. ಅದಕ್ಕೇ, ಪಂದ್ಯಗಳಿಗೆ ಒಬ್ಬರು ಕಡಿಮೆ ಬೀಳುತ್ತಾರೆ, ನಿಧಾನಿಯಾಗಿ ನೀನೇ ಬಾ ಎಂದು ಡಾಕ್ಟರು ಫೋನ್ ಮಾಡಿದಾಗ, ಯೋಚಿಸದೆ ಅವನ ಕುರ್ಚಿಯಲ್ಲಿ ಕೂತೆ.

ಹಾರುವುದು ಬಂತು. ಇಳಿಯುವುದೂ ಬಂತು. ಬಾಂಬು ಹಾಕುವುದು ಬರಲಿಲ್ಲ.

ಆ ಹಳೆಯ ಕಾಲದ ವಿಮಾನದಲ್ಲಿ ಬಾಂಬು ಎಲ್ಲಿ ಬೀಳುತ್ತದೆಂದು ತೋರಿಸುವ ಯಂತ್ರವಿಲ್ಲ. ಬಾಂಬಿಗೂ ದಾರಿ ಹುಡುಕುವ ಬುದ್ಧಿಯಿಲ್ಲ. ಬಿಟ್ಟರೆ ಬೀಳುತ್ತದೆ, ಅಷ್ಟೆ. ಆದ್ದರಿಂದ ಇಳಿಯುವ ಓರೆ, ವೇಗ, ಬಿಡುವ ಎತ್ತರ ಪ್ರತಿ ಸಲವೂ ಒಂದೇ ಇರಬೇಕು. ಜೊತೆಗೆ ಕಣ್ಣಿಗೊಂದು ಗುರುತು ಬೇಕು. ಅವನು ಹಸಿರು ಟೇಪಿನಿಂದ, ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮೆಷಿನ್ನಿನಲ್ಲಿ, ಒಂದು ಚುಕ್ಕಿ ಕತ್ತರಿಸಿ ಪರದೆಯ ಗಾಜಿಗೇ ಅಂಟಿಸಿಕೊಂಡಿದ್ದ, ನಡುವಿಗಿಂತ ತುಸು ಕೆಳಗೆ. ಬೇಕಾದ ಎತ್ತರ ಮುಟ್ಟಿದಾಗ ಚುಕ್ಕಿಯ ಹಿಂದೆ ಸೇತುವೆ ಬಂದಿರಬೇಕು. ಆಗ ಗುಂಡಿ ಒತ್ತಬೇಕು.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಕೆಲವು ಸಂಜೆ ನಾನು ಆಫೀಸಿನಿಂದ ಬರುವುದನ್ನೇ ಕಾಯುತ್ತಿದ್ದು, ‘ಬಾರೆ, ಸ್ವಲ್ಪ ಎತ್ತರ ಓದು’ ಎಂದು ಕರೆಯುತ್ತಿದ್ದ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು, ಪರದೆಯಲ್ಲಿ ಎತ್ತರ ತೋರಿಸುವ ಮುಳ್ಳು ನೋಡಿ ಓದುತ್ತಿದ್ದೆ. ಸಾವಿರ, ಒಂಬೈನೂರು, ಎಂಟುನೂರು, ಬಿಡು. ಅವನು ಬಿಡುತ್ತಿದ್ದ. ಕೆಲವು ಸಂಜೆ ಕರೆಯುತ್ತಿರಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ.

ಈಗ ಓದುವವಳೂ ನಾನೇ, ಬಿಡುವವಳೂ ನಾನೇ. ಬಾಂಬು ಪ್ರತಿ ಸಲವೂ ಸೇತುವೆಗೆ ಮುಂಚೆಯೇ, ಹೊಳೆಯ ನಡುವೆ ಬೀಳುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂಬ ಮಾತು ಇದಕ್ಕೇ ಹುಟ್ಟಿರಬೇಕು.

ವೇಗ ಕಡಿಮೆಯಾಗಿದೆಯೆ ಎಂದು ನೋಡಿದೆ. ಆಗಿರಲಿಲ್ಲ. ಅಭ್ಯಾಸದ ಆಕಾಶದಲ್ಲಿ ಗಾಳಿಯನ್ನು ಪೂರ್ತಿ ನಿಲ್ಲಿಸಿದೆ. ನಿಂತ ಗಾಳಿಯಲ್ಲೂ ನೀರಿಗೇ ಬಿತ್ತು. ಗುಂಡಿ ಒತ್ತುವ ಹೊತ್ತಿಗೆ ಅವಸರಪಟ್ಟು ಮೂಗನ್ನು ಕೆಳಗೆ ತಳ್ಳುತ್ತಿದ್ದೇನೆ ಎಂದು ಡ್ರೈವರ್ ಹೇಳಿದ. ಮುಂಗೈಯನ್ನು ಮೇಜಿಗೆ ಒತ್ತಿ ಹಿಡಿದು ಹಾರಿಸಿದೆ. ಜಾಯ್‌ಸ್ಟಿಕ್ಕಿನ ಸ್ಪ್ರಿಂಗ್ ಸಡಿಲವೆಂದು ಬಿಚ್ಚಿ, ಧೂಳು ತೆಗೆದು, ಮತ್ತೆ ಜೋಡಿಸಿದೆ. ಒಂದು ಸ್ಕ್ರೂ ಉಳಿದುಬಿಟ್ಟಿತು. ಅದು ಎಲ್ಲಿಯದೆಂದು ಈಗಲೂ ತಿಳಿದಿಲ್ಲ. ಸೇತುವೆಯಿರುವ ನೆಲವೇ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ ಎಂದು ಹೊಳೆದಾಗ, ಅಂತೂ ಸಿಕ್ಕಿತು ಎಂದುಕೊಂಡೆ. ನಕ್ಷೆ ತೆಗೆದು ನೋಡಿದರೆ ಹೊಳೆ ಸಮುದ್ರಕ್ಕೆ ಸೇರುವ ಜಾಗವೇ ಅದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲವೂ ಡೊಂಕಿರಲಿಲ್ಲ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಬಾಂಬುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಅದು ಕೈಯ ತಪ್ಪು. ನನ್ನವು ಒಂದರ ಪಕ್ಕ ಒಂದು ಬೀಳುತ್ತಿದ್ದವು, ಬಿತ್ತನೆ ಮಾಡಿದ ಹಾಗೆ. ಅಂದರೆ ಕೈ ಸರಿಯಿದೆ; ತಪ್ಪು ಗುರುತಿನಲ್ಲಿದೆ. ಪರೀಕ್ಷೆಯಲ್ಲಿ ಯಾರಾದರೂ ಕೇಳಿದ್ದರೆ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ.

ಡಾಕ್ಟರು ಅದನ್ನೇ ಹೇಳಿದರು. ‘ಚುಕ್ಕೀನ ಸ್ವಲ್ಪ ಕೆಳಗೆ ಸರಿಸಿ ನೋಡಮ್ಮ. ಮೇಲಿದ್ರೆ ದೂರದಲ್ಲೇ ಬಿಟ್ಟುಬಿಡ್ತೀಯ.’

‘ಅದು ಅವನು ಅಂಟಿಸಿದ್ದು.’

‘ಅಂಟಿಸಿದ್ದು ಸರಿ...’

‘ಅದೇ ಚುಕ್ಕಿ ಇಟ್ಕೊಂಡು ಅವನು ಹೊಡೀತಿದ್ದ ತಾನೆ? ಚುಕ್ಕಿ ತಪ್ಪು ಹೇಗಾಗುತ್ತೆ? ನಂದೇ ಏನೋ ತಪ್ಪು.’

 ಹಲ್ಲು ಕೀಳುವವರಿಗೆ ಯಾವಾಗ ನಿಲ್ಲಿಸಬೇಕೆಂದು ಗೊತ್ತಿರುತ್ತದೆ.

ಆ ಕೋಣೆಯಲ್ಲಿ ನಾನು ಏನನ್ನೂ ಕದಲಿಸಿರಲಿಲ್ಲ. ಕುರ್ಚಿಯ ಎತ್ತರ ಅವನದು. ಕಾಲು ನೆಲಕ್ಕೆ ಎಟುಕದೆ ಪೆಡಲಿನ ಅಡಿಗೆ ಎರಡು ದಪ್ಪ ಪುಸ್ತಕ ಇಟ್ಟುಕೊಂಡಿದ್ದೆ. ಆಟದಲ್ಲಿ ಅವನು ಉಳಿಸಿಟ್ಟ ನೋಟವನ್ನೂ ಹಾಗೆಯೇ ಬಿಟ್ಟಿದ್ದೆ. ಚುಕ್ಕಿಯಂತೂ ಅವನ ಬೆರಳು ಒತ್ತಿದ ಜಾಗ. ಅವನು ಎಲ್ಲಿ ನೋಡುತ್ತಿದ್ದ ಎಂಬುದಕ್ಕೆ ಮನೆಯಲ್ಲಿ ಉಳಿದ ಗುರುತು ಅದೊಂದೇ.

ಭಾನುವಾರ ಮಧ್ಯಾಹ್ನ ಪಂದ್ಯವಿತ್ತು. ಸೇತುವೆ ಬೀಳದಿದ್ದರೆ ತಂಡ ಈ ಸಲದ ಪಂದ್ಯಾವಳಿಯಿಂದ ಹೊರಗೆ. ಶನಿವಾರ ಸಂಜೆಯ ಅಭ್ಯಾಸದಲ್ಲಿ ನಾನು ಹೊಳೆಗೆ ಇನ್ನಷ್ಟು ಬಾಂಬು ಸುರಿದೆ. ಡಾಕ್ಟರು ಗಂಟಲು ಸರಿಮಾಡಿಕೊಂಡಾಗಲೇ ಮುಂದಿನದು ತಿಳಿಯಿತು.

‘ಬೇಜಾರು ಮಾಡ್ಕೋಬೇಡಮ್ಮ. ನಮ್ಮ ಕ್ಲಿನಿಕ್ಕಿನ ಕಾಂಪೌಂಡರು ಚೆನ್ನಾಗಿ ಹಾಕ್ತಾನೆ. ನಾಳೆ ಒಂದಿನ ಅವನು ಕೂತ್ಕೊಳ್ಲಿ.’

‘ನಾಳೆ ಒಂದಿನಾನಾ?’

ಅವರು ವಿಮಾನ ಇಳಿಸತೊಡಗಿದರು.

‘ಅವನನ್ನೂ ನಿಧಾನಿ ಅಂತೀರಾ?’

‘ಇಲ್ಲ,’ ಎಂದ ಡ್ರೈವರ್, ತಮಾಷೆಯಿಲ್ಲದೆ. ‘ಅವನಿಗೆ ಬೇರೆ ಹೆಸರಿದೆ, ಅತ್ತಿಗೆ.’

ಹಾಗಾದರೆ ಆ ಹೆಸರನ್ನು ನಾಳೆಯಿಂದ ಯಾರೂ ಕರೆಯುವುದಿಲ್ಲ. ನಾನು ಬೆಳಿಗ್ಗೆಯವರೆಗೆ ಸಮಯ ಕೇಳಿದೆ. ಡಾಕ್ಟರು, ‘ಹನ್ನೆರಡರೊಳಗೆ ಒಂದು ಸಲ ಹೊಡೆದು ತೋರ್ಸಮ್ಮ, ಸಾಕು,’ ಎಂದರು.

ಭಾನುವಾರ ತಿಂಡಿ ತಿನ್ನದೆ ಕೂತೆ. ನೀರು. ಮತ್ತೆ ನೀರು. ಎತ್ತು ಏರಿಗೆ, ಕೋಣ ನೀರಿಗೆ. ನಾನು ಎತ್ತಾಗಲು ನೋಡುತ್ತಿದ್ದೆ, ಬಾಂಬು ಕೋಣವಾಗಿತ್ತು. ಕೊನೆಗೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದೆ. ಅದು ಜಾರಿ ಕೆಳಗೆ ಬಿತ್ತು.

ಸದ್ದಿಗೆ ಅತ್ತೆ ಬಂದರು. ಕೈಯಲ್ಲಿ ಒದ್ದೆ ಬಟ್ಟೆ. ಅವರು ನಿವೃತ್ತಿಯವರೆಗೂ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬರುವುದನ್ನು ಮೈಕಿನಲ್ಲಿ ಕೂಗಿ ಹೇಳುತ್ತಿದ್ದವರು. ಮನೆಯಲ್ಲಿ ಮಾತು ಕಡಿಮೆ. ಬೇಸಿಗೆಯ ನಂತರ ಇನ್ನೂ ಕಡಿಮೆ. ದಿನವೆಲ್ಲ ಏನನ್ನಾದರೂ ಒರೆಸುತ್ತಿರುತ್ತಾರೆ. ಕೆಳಗೆ ಬಿದ್ದದ್ದನ್ನು ಎತ್ತಿಟ್ಟು, ಅಭ್ಯಾಸಬಲದಿಂದ ಬಟ್ಟೆಯನ್ನು ಪರದೆಯ ಕಡೆ ಒಯ್ದರು.

‘ಮುಟ್ಟಬೇಡಿ,’ ಎಂದೆ. ಬೇಕಾದದ್ದಕ್ಕಿಂತ ಜೋರಾಗಿತ್ತು. ‘ಚುಕ್ಕಿ ಎದ್ದುಹೋದ್ರೆ?’

‘ಎದ್ದುಹೋದ್ರೆ ಮತ್ತೆ ಅಂಟ್ಸಿದ್ರಾಯ್ತು. ಹೋದ್ಸಲ ಅಂಟಿಸ್ಲಿಲ್ವಾ?’

‘ಯಾವ ಹೋದ್ಸಲ?’

‘ಜನ ಬರ್ತಾರೆ ಅಂತ ಎಲ್ಲ ಒರೆಸಿದ್ನಲ್ಲ, ಆವಾಗ. ಬಟ್ಟೆಗೆ ಅಂಟ್ಕೊಂಡು ಬಂತು.’ ಅವರು ಬಟ್ಟೆಯನ್ನು ಮಡಿಸಿದರು. ‘ಅವನದ್ದು ಅಂತ ಎಸೆಯೋಕೆ ಮನಸ್ಸಾಗ್ಲಿಲ್ಲ. ಅಲ್ಲೇ ಎಲ್ಲೋ ಇತ್ತು, ಅಂಟಿಸ್ದೆ.’

‘ಅಲ್ಲೇ ಎಲ್ಲೋ.’

‘ಹೂಂ. ನಡೂಗೆ ಇದ್ರೆ ಚೆನ್ನಾಗಿ ಕಾಣುತ್ತೆ ಅಂತ ಒಂಚೂರು ಮೇಲೆ.’

ಇಷ್ಟು ದಿನ ನಾನು ಅವನ ನೋಟ ಎಂದು ಹಿಡಿದುಕೊಂಡಿದ್ದು ಅತ್ತೆಯ ಅಂದಾಜು. ಅದಕ್ಕಾಗಿ ಡಾಕ್ಟರ ಮೇಲೆ ರೇಗಿದ್ದೆ, ಸ್ಪ್ರಿಂಗ್ ಬಿಚ್ಚಿದ್ದೆ, ನನ್ನ ಕೈಯನ್ನು ಬೈದುಕೊಂಡಿದ್ದೆ. ನಗಬೇಕೆನಿಸಿತು, ಬರಲಿಲ್ಲ. ಸಿಟ್ಟು ಬಂತು.

‘ಹೇಳ್ಬಾರ್ದಾಗಿತ್ತಾ, ಅತ್ತೆ? ದಿನಾ ಇಲ್ಲಿ ಕೂತು ಒದ್ದಾಡ್ತಿದ್ದೀನಿ.’

‘ನನಗೇನು ಗೊತ್ತು, ಅದ್ರಿಂದ ವಿಮಾನ ಓಡುತ್ತೆ ಅಂತ? ಅವನಿದ್ದಾಗ್ಲೂ ಎಷ್ಟು ಸಲ ಕಿತ್ತು ಬಂದಿದೆ. ಅವನೇನು ನಿನ್ನ ಹಾಗೆ ಕೂಗಾಡ್ತಿದ್ನಾ? ಮತ್ತೆ ಅಂಟಿಸ್ಕೊಳ್ತಿದ್ದ.’

‘ಅದೇ ಜಾಗಕ್ಕೇನಾ?’

‘ಅವನಿಗೂ ಜಾಗ ಗೊತ್ತಾಗ್ತಿರ್ಲಿಲ್ಲಮ್ಮ. ಸಂಜೆ ನಿನ್ನ ಕರೀತಿದ್ನಲ್ಲ, ನಂಬರ್ ಓದೋಕೆ. ಹಾಕೋದು, ಚುಕ್ಕಿ ಸರಿಸೋದು, ಹಾಕೋದು, ಸರಿಸೋದು. ನೀನು ಆ ಗಡಿಯಾರದ ಥರದ್ದು ನೋಡ್ತಾ ಇರ್ತಿದ್ದೆ, ನಿನಗೆ ಕಾಣ್ತಿರ್ಲಿಲ್ಲ.’ ಬಾಗಿಲ ಕಡೆ ತಿರುಗಿ ಮತ್ತೆ ಹೇಳಿದರು, ‘ಒರೆಸಬೇಡ ಅಂತ ಒಂದಿನಾನೂ ಹೇಳ್ಲಿಲ್ಲ ಅವನು.’

ನಾನು ಸ್ಟೂಲಿನ ಕಡೆ ನೋಡಿದೆ. ಅದರ ಮೇಲೆ ಇಸ್ತ್ರಿಗೆ ಕಾದ ಬಟ್ಟೆಗಳಿದ್ದವು.

ಕೆಲವು ಸಂಜೆ ಮಾತ್ರ ಯಾಕೆ ಕರೆಯುತ್ತಿದ್ದ ಎಂಬುದು ತಿಳಿಯಿತು. ಅತ್ತೆ ಒರೆಸಿದ ದಿನ. ಒಂದು ಮಾತು ಹೇಳಿದ್ದರೆ ಅತ್ತೆ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಹೇಳಿರಲಿಲ್ಲ.

ಗಂಟೆ ಹತ್ತಾಗಿತ್ತು. ಉಗುರಿನಿಂದ ಚುಕ್ಕಿಯ ಅಂಚನ್ನು ಎಬ್ಬಿಸಿದೆ. ಸುಲಭವಾಗಿ ಬಂತು. ಅಂಟು ಸವೆದು ಬಟ್ಟೆಯ ಎಳೆಗಳು ಹತ್ತಿದ್ದವು. ಕುರ್ಚಿಯ ಲಿವರ್ ಎಳೆದು ತಗ್ಗಿಸಿದೆ, ಪುಸ್ತಕಗಳನ್ನು ತೆಗೆದೆ. ಕಾಲು ನೆಲ ಮುಟ್ಟಿತು.

‘ಅತ್ತೆ, ಸ್ವಲ್ಪ ಎತ್ತರ ಓದ್ತೀರಾ?’

‘ಕನ್ನಡಕ ತರ್ತೀನಿ ತಡಿ.’

ಅವರು ಬಟ್ಟೆಗಳನ್ನು ಮಂಚಕ್ಕೆ ಹಾಕಿ ಸ್ಟೂಲಿನಲ್ಲಿ ಕೂತರು. ಯಾವ ಮುಳ್ಳು ಎಂದು ತೋರಿಸಿದೆ. ಎಂಟುನೂರಕ್ಕೆ ‘ಬಿಡು’ ಎನ್ನಬೇಕು ಎಂದೆ. ವಿಮಾನ ಮಗುಚಿ ಇಳಿಯತೊಡಗಿದಾಗ ಅವರ ಬೆನ್ನು ನೆಟ್ಟಗಾಯಿತು. ಎಷ್ಟೋ ವರ್ಷಗಳ ಹಿಂದಿನ ಮೈಕಿನ ಗಂಟಲು ಬಂತು.

‘ಸಾವಿರ. ಒಂಬೈನೂರು. ಎಂಟುನೂರು. ಬಿಡುವುದು.’

‘ಬಿಡು ಅಂದ್ರೆ ಸಾಕು ಅತ್ತೆ.’

‘ನಾನು ಯಾರಿಗೂ ಹಾಗೆ ಹೇಳಿದವಳಲ್ಲ. ಪ್ರಯಾಣಿಕರು ಕೇಳಿಸ್ಕೊಳ್ತಿರ್ತಾರೆ.’

ಬಾಂಬು ಸೇತುವೆ ದಾಟಿ ಆಚೆಯ ನೀರಿಗೆ ಬಿತ್ತು. ಚುಕ್ಕಿಯನ್ನು ಅತಿ ಕೆಳಗೆ ಅಂಟಿಸಿದ್ದೆ. ಆಚೆಗೆ ಬಿದ್ದದ್ದು ಅದೇ ಮೊದಲು. ಅಕ್ಕಿಕಾಳಿನಷ್ಟು ಮೇಲೆ ಸರಿಸಿದೆ. ಈಚೆಗೆ ಬಿತ್ತು. ಕೂದಲೆಳೆಯಷ್ಟು ಕೆಳಗೆ. ಅತ್ತೆಗೆ ಬೇಸರವಾಗಲಿಲ್ಲ, ಬಸ್ಸು ತಡವಾಗುವುದು ಅವರಿಗೆ ಹೊಸದಲ್ಲ. ಪ್ರತಿ ಸಲವೂ ಅದೇ ದನಿಯಲ್ಲಿ ಓದಿದರು. ಅಂಟು ಪೂರ್ತಿ ಸತ್ತು ಚುಕ್ಕಿ ಉದುರಿದಾಗ ಅವರೇ ಡ್ರಾಯರಿನಿಂದ ಹಸಿರು ಟೇಪು ತೆಗೆದುಕೊಟ್ಟರು. ನಾನು ಹೊಸದೊಂದನ್ನು ಕತ್ತರಿಸಿದೆ. ಅವನದನ್ನು ಎಲ್ಲಿಡುವುದೆಂದು ತಿಳಿಯದೆ ಕುರ್ಚಿಯ ಕೈಗೆ ಒತ್ತಿದೆ. ನಿಲ್ಲಲಿಲ್ಲ, ಬಿದ್ದುಹೋಯಿತು.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಸೇತುವೆಯ ನಡುಗಂಬ ಮುರಿದು, ಲಾರಿಯ ಸಮೇತ ನೀರಿಗೆ ಕೂತಿತು.

ಡಾಕ್ಟರನ್ನು ಕರೆದು ಮತ್ತೊಮ್ಮೆ ಹಾಕಿ ತೋರಿಸಿದೆ. ‘ಮಧ್ಯಾಹ್ನ ನೀನೇ ಬಾಮ್ಮ,’ ಎಂದರು. ‘ಚುಕ್ಕಿ ಸರಿಸಿದ್ಯಾ?’ ಎಂದು ಕೇಳಲಿಲ್ಲ. ಅದಕ್ಕೆ ಅವರಿಗೆ ಋಣಿ.

‘ಹಿಂದೆ ಕೂಗ್ತಿರೋದು ಯಾರು?’ ಎಂದ ಡ್ರೈವರ್. ‘ಪ್ಲಾಟ್‌ಫಾರಂ ನಂಬರು ಹೇಳೋ ಹಾಗಿದೆ.’

‘ನಮ್ಮತ್ತೆ.’

‘ಆ ದನಿ ಕೇಳಿ ನಾನು ಎಷ್ಟು ಸಲ ಗಾಡಿ ಹೊರಡಿಸಿದ್ದೀನಿ. ಅವರು ಹೇಳಿದ್ಮೇಲೆ ಬೀಳ್ಲೇಬೇಕು ಬಿಡಿ.’

ಮಧ್ಯಾಹ್ನದ ಪಂದ್ಯದಲ್ಲಿ ಗಾಳಿಯಿತ್ತು, ಮೋಡವಿತ್ತು. ಮೊದಲ ಬಾಂಬು ತಪ್ಪಿತು. ಎರಡನೆಯದು ತಪ್ಪಲಿಲ್ಲ. ಪಂದ್ಯವನ್ನು ನಾವು ಸೋತೆವು, ಬೇರೆ ಕಾರಣಕ್ಕೆ. ಡ್ರೈವರ್ ಇಂಧನ ನೋಡಿಕೊಳ್ಳದೆ ಹೊಲಕ್ಕಿಳಿದ. ಆದರೆ ಸೇತುವೆ ಬಿದ್ದದ್ದರಿಂದ ತಂಡ ಪಂದ್ಯಾವಳಿಯಲ್ಲಿ ಉಳಿಯಿತು. ‘ನಿಧಾನಿ, ಮನೆಗೆ ಹೋಗೋಣ,’ ಎಂದರು ಡಾಕ್ಟರು. ಪಕ್ಕದಲ್ಲಿ ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಹೆಡ್‌ಫೋನಿನಿಂದ ಹೊರಗೆ ಎಷ್ಟು ಕೇಳಿಸುತ್ತದೋ ನನಗೆ ಗೊತ್ತಿಲ್ಲ.

ಸೋಮವಾರ ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅತ್ತೆ ಬಟ್ಟೆ ಒದ್ದೆ ಮಾಡಿಕೊಂಡು ಆ ಕೋಣೆಗೆ ಹೋದರು. ಗಾಜಿನ ಮೇಲೆ ಬಟ್ಟೆ ಕಿರುಗುಟ್ಟುವುದು ಕೇಳಿಸಿತು. ಬೇಡ ಎನ್ನಲು ಬಾಯಿ ತೆರೆದೆ.

ಆಮೇಲೆ ಬಾಗಿಲು ಎಳೆದುಕೊಂಡು ಹೊರಟೆ. ಸಂಜೆ ಬೇಗ ಬರುತ್ತೇನೆ ಎಂದಷ್ಟೇ ಕೂಗಿ ಹೇಳಿದೆ.