ಗೋಡೆಗೊರಗಿಸಿದ ಹಲಗೆಗಳು

"ನೋಡು ಬಾರಪ್ಪ, ಮತ್ತೆ ಕೈ ಎತ್ತಿದ್ದಾರೆ!"

ಬಡಗಿಯ ಹೆಂಡತಿಯ ಕೂಗಿಗೆ ಅವನ ತಮ್ಮ ಪಾಲಿಶ್ ಬಟ್ಟೆ ಹಿಡಿದೇ ಒಳಗೆ ಬಂದ. ಮಂಚದ ಮೇಲಿದ್ದ ಬಡಗಿ ಎಡಗೈಯನ್ನು ಎದುರಿನ ಗೋಡೆಯತ್ತ ಚಾಚಿದ್ದ. ಬಲಗೈ, ಬಲಗಾಲು, ನಾಲಿಗೆ ಮೂರೂ ಒಂದೇ ಬೆಳಿಗ್ಗೆ ಸತ್ತಂತಾಗಿದ್ದವು. ಗೋಡೆಯ ಮೇಲ್ಗಡೆ ದೇವರ ಪಟ, ಅದರ ಕೆಳಗೆ ಒರಗಿ ನಿಂತ ಹನ್ನೆರಡು ಪ್ಲೈವುಡ್ ಹಲಗೆಗಳು. ಅವನು ತೋರಿಸುತ್ತಿದ್ದುದು ಹಲಗೆಗಳನ್ನು. ಅವಳು ಕಂಡದ್ದು ಪಟವನ್ನು.

"ಇಪ್ಪತ್ತು ವರ್ಷ ಬಡ್ಕೊಂಡೆ, ಒಂದು ದಿನ ಕೈ ಮುಗೀಲಿಲ್ಲ. ಈಗ ನೋಡು, ತಾವಾಗೇ."

"ಒಂದು ಕೈಯಲ್ಲಿ ಮುಗಿಯೋದು ಹೇಗತ್ತಿಗೆ? ಅರ್ಧ ನಮಸ್ಕಾರ ಅದು," ಎಂದ ತಮ್ಮ. "ಇಷ್ಟು ವರ್ಷ ಅಣ್ಣ ದೇವರಿಗೆ ಹಾಕಿದ ಧೂಪ ಅಂದ್ರೆ ಮರದ ಪುಡಿ ಒಂದೇ."

ಅವಳು ನಕ್ಕಳು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಳು. ಬಡಗಿ ಕೈ ಇಳಿಸಿದ.

ಕಾಯಿಲೆ ಬೀಳುವ ಎರಡು ದಿನ ಮೊದಲು ಆ ಹಲಗೆಗಳನ್ನು ಬಾಗದಂತೆ ಅವನೇ ನೆಲದ ಮೇಲೆ ಮಲಗಿಸಿದ್ದ. ಕೆಳಗೆ ಒಂದೇ ಮಟ್ಟಕ್ಕೆ ಮರದ ರೀಪು ಪಟ್ಟಿಗಳು, ಮೇಲೊಂದು ಹಳೆಯ ಹಲಗೆ, ಅದರ ಮೇಲೆ ಭಾರ. ಆಸ್ಪತ್ರೆಯಿಂದ ತಂದ ದಿನ ಅವನನ್ನು ಮೆಟ್ಟಿಲು ಹತ್ತಿಸಿ ಮನೆಗೊಯ್ಯಲು ಆಗಲಿಲ್ಲ. ಕೆಳಗಿನ ಕೆಲಸದ ಕೋಣೆಯಲ್ಲಿ ಮಲಗುವಷ್ಟು ಜಾಗ ಇದ್ದದ್ದು ಹಲಗೆಗಳಿದ್ದ ಕಡೆ ಮಾತ್ರ. ತಮ್ಮ ಹಲಗೆಗಳನ್ನೆತ್ತಿ ಗೋಡೆಗೆ ಒರಗಿಸಿ ಮಂಚ ಹಾಕಿದ. "ಎರಡು ದಿನ ತಾನೆ," ಎಂದಿದ್ದ. ಅವನು ಪಾಲಿಶ್ ಕೆಲಸದವನು. ಮರದ ಮೈ ಬಲ್ಲ, ಅದರ ಹೊಟ್ಟೆಯೊಳಗಿನದು ಗೊತ್ತಿಲ್ಲ. ಗೋಡೆಯಾಚೆ ಬಚ್ಚಲಿತ್ತು, ತೇವ ಸುಣ್ಣದ ಮೇಲೆ ಮೂಡಿ ಕಾಣುತ್ತಿತ್ತು. ಎರಡು ದಿನ ಇಪ್ಪತ್ತಾಯಿತು.

ಶಾಲೆಯೊಂದರ ಪುಸ್ತಕದ ಬೀರುಗಳಿಗೆ ಆಳೆತ್ತರದ ಬಾಗಿಲುಗಳಾಗಬೇಕಾದ ಹಲಗೆಗಳು ಅವು. ಶಾಲೆಯ ದೊಡ್ಡ ಮೇಡಂ ಮಂಚದ ಹತ್ತಿರ ಬಂದು ನಿಂತು ಹೇಳಿ ಹೋಗಿದ್ದರು: "ನಿಮ್ಮ ತಮ್ಮನೇ ಮಾಡಲಿ. ಚೆನ್ನಾಗಿ ಬಂದರೆ ಉಳಿದ ಕೋಣೆಗಳ ಕೆಲಸವೂ ಅವರಿಗೇ. ಇಲ್ಲದಿದ್ದರೆ ಬೇರೆಯವರನ್ನು ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡಿ." ಬಾಗಿಲುಗಳು ನೆಟ್ಟಗೆ ನಿಂತರೆ ಅಂಗಡಿ ತಮ್ಮನ ಕೈಯಲ್ಲಿ ಉಳಿಯುತ್ತದೆ, ಹೆಂಡತಿಗೆ ಎರಡು ಹೊತ್ತಿನ ಅನ್ನ ಉಳಿಯುತ್ತದೆ. ಬಡಗಿಗೆ ಇನ್ನು ಬೇಕಾಗಿದ್ದುದು ಅಷ್ಟೇ.

ಮೊದಲ ವಾರ ಹಲಗೆಗಳ ನಡುವಿನಲ್ಲಿ ಕೂದಲೆಳೆಯಷ್ಟು ಬಾಗು. ಬೇರೆಯವರ ಕಣ್ಣಿಗೆ ಕಾಣುವಂಥದ್ದಲ್ಲ. ಅವನು ಅಂಗೈಯನ್ನು ಚಪ್ಪಟೆ ಮಾಡಿ ನೆಲದತ್ತ ಒತ್ತಿ ತೋರಿಸಿದ: ಮಲಗಿಸಿ, ಮಲಗಿಸಿ. ಹೆಂಡತಿ ದಿಂಬು ತೆಗೆದು ಅವನನ್ನೇ ಮಲಗಿಸಿದಳು. ಗಂಟಲಿನಿಂದ ಸದ್ದು ಹೊರಡಿಸಿದರೆ ನೀರು ಬಂತು. ಸಂಜೆ ಅವಳು ಪುಸ್ತಕ ತೆಗೆದು ರಾಗವಾಗಿ ಪದ್ಯ ಓದುತ್ತಿದ್ದಳು. ಆ ದನಿಗೆ ಅವನ ಮೈ ಸಡಿಲವಾಗುತ್ತಿತ್ತು, ಅಷ್ಟರಲ್ಲಿ ಯಾವುದೋ ಹಲಗೆ ತಳದಲ್ಲಿ ಜಾರಿ ಟಕ್ಕೆನ್ನುತ್ತಿತ್ತು. ಅವನ ಕಣ್ಣಲ್ಲಿ ನೀರಿಳಿಯುತ್ತಿತ್ತು. ಅವಳು ಅದನ್ನು ಭಕ್ತಿಯೆಂದುಕೊಂಡು ಇನ್ನೂ ಎರಡು ಪದ್ಯ ಓದುತ್ತಿದ್ದಳು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ತಮ್ಮ ಮೊದಲ ಹಲಗೆಯನ್ನು ಕೊಯ್ಯಲೆಂದು ಮೇಜಿನ ಮೇಲಿಟ್ಟ. ಒಂದು ತುದಿ ಒತ್ತಿದರೆ ಇನ್ನೊಂದು ಎದ್ದಿತು.

"ಇದೇನತ್ತಿಗೆ, ತೊಟ್ಟಿಲಿನ ಹಾಗೆ ತೂಗ್ತಿದೆ?"

ಎರಡನೆಯದು, ಮೂರನೆಯದು. ಹನ್ನೆರಡನ್ನೂ ಇಟ್ಟು ನೋಡಿ ಅವನು ಮಂಚದತ್ತ ತಿರುಗಿದ.

"ಅಣ್ಣಾ, ಇಷ್ಟು ದಿನ ನೀನು ತೋರಿಸ್ತಿದ್ದದ್ದು ಇವನ್ನಾ?"

ಬಡಗಿ ಕಣ್ಣು ಮುಚ್ಚಿ ತೆರೆದ.

ಹೆಂಡತಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಪಟವನ್ನು ನೋಡಿದಳು, ಗಂಡನನ್ನು ನೋಡಿದಳು. "ಹಾಗಾದ್ರೆ ಅಲ್ಲಿಗಲ್ವೇನ್ರೀ?" ಎಂದಳು. ಬಟ್ಟಲು ಕೆಳಗಿಟ್ಟು, ಯಾರಿಗೂ ಅಲ್ಲವೆಂಬಂತೆ, "ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡು ಬಂದೆನಲ್ಲ," ಎಂದಳು.

ಅವಳ ಮುಖ ನೋಡಲಾಗದೆ ಬಡಗಿ ತಮ್ಮನನ್ನು ಕೈಬೀಸಿ ಕರೆದ. ಮೊದಲು ಹಲಗೆ ತೋರಿಸಿದ, ಆಮೇಲೆ ನೆಲ, ಆಮೇಲೆ ತನ್ನ ಎದೆ. ಈ ಸಲ ತಮ್ಮನಿಗೆ ತಕ್ಷಣ ಅರ್ಥವಾಯಿತು.

"ಬೇಡಣ್ಣ. ನಿನ್ನನ್ನ ಅದರ ಮೇಲೆ..."

ಬಡಗಿ ಎದೆ ಬಡಿದುಕೊಂಡ. ಮತ್ತೆ ಬಡಿದುಕೊಂಡ.

ಮಂಚ ಬೀದಿಗೆ ಹೋಯಿತು. ಉಬ್ಬು ಮೇಲಾಗುವಂತೆ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಹಾಸಿಗೆ ಹಾಸಿ, ಇಬ್ಬರೂ ಸೇರಿ ಅವನನ್ನೆತ್ತಿ ಮಲಗಿಸಿದರು. ಎತ್ತುವಾಗ ತಮ್ಮ ಒಂದು ಕ್ಷಣ ತಡೆದ. ಒಂದು ಕಾಲಕ್ಕೆ ಎರಡು ಹಲಗೆಯನ್ನು ಒಟ್ಟಿಗೆ ಹೊರುತ್ತಿದ್ದ ಮೈ ಬಟ್ಟೆಗಂಟಿನಷ್ಟು ಹಗುರವಾಗಿತ್ತು.

ಬೆನ್ನಡಿಯ ಉಬ್ಬಿನಿಂದ ಬಡಗಿ ಒಂದು ಪಕ್ಕಕ್ಕೆ ಜಾರತೊಡಗಿದ. ಹೆಂಡತಿ ಆ ಬದಿಗೆ ಏರಿ, ಅವನ ಭುಜಕ್ಕೆ ಭುಜ ಕೊಟ್ಟು ಕುಳಿತಳು. ಬಾಗಿಲು ನೋಡಲು ಮೇಡಂ ಬರುವುದಕ್ಕೆ ಇನ್ನು ನಾಲ್ಕು ದಿನ.

ತಮ್ಮ ಕೆನ್ನೆಯನ್ನು ನೆಲಕ್ಕೆ ಒತ್ತಿ ಹಲಗೆಗಳ ಕೆಳಗೆ ಇಣುಕಿದ. ಆಚೆಯ ಬೆಳಕು ಈಚೆಗೆ ಕಾಣುತ್ತಿತ್ತು. ಬೆರಳು ತೂರಿಸಿದ, ಅಂಗೈ ತೂರಿಸಿದ. ಮಣಿಕಟ್ಟಿನವರೆಗೂ ಹೋಯಿತು.

"ಹಲಗೆ ಕೂತ್ಕೊಳ್ತಿದೆಯಾ?" ಎಂದು ಕೇಳಿದಳು ಅತ್ತಿಗೆ.

"ಹ್ಞೂಂ ಅತ್ತಿಗೆ. ಸ್ವಲ್ಪ ಸ್ವಲ್ಪ."

ತಮ್ಮನ ಸುಳ್ಳಿನ ದನಿ ಬಡಗಿಗೆ ಚಿಕ್ಕಂದಿನಿಂದ ಗೊತ್ತು. ಅವನು ಸೂರು ನೋಡುತ್ತ ಎದೆ ತುಂಬ ಉಸಿರೆಳೆದು ಹಿಡಿದುಕೊಂಡ, ಅಷ್ಟರಿಂದಾದರೂ ಭಾರ ಹೆಚ್ಚೀತೇನೋ ಎಂಬಂತೆ.