ಬೀಡಿನ ಗಡಿಗೆ, ಕಪ್ಪು ಸೂಪು

ನಾನು ಒಂದು ಗಡಿಗೆ. ಮಣ್ಣಿನದಲ್ಲ, ತಾಮ್ರದ್ದೂ ಅಲ್ಲ. ಬೀಡಿನ ಗಡಿಗೆ, ಅಂದರೆ ಎರಕದ ಕಬ್ಬಿಣದ್ದು. ಹುಬ್ಬಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಕೆಂಪಗೆ ಕುದಿಯುತ್ತಿದ್ದ ನನ್ನನ್ನು ಒಂದು ಮಾತೂ ಕೇಳದೆ ಮರಳಿನ ಅಚ್ಚಿಗೆ ಸುರಿದುಬಿಟ್ಟರು. ಅಬ್ಬಬ್ಬಾ! ಆ ಬೆಚ್ಚು ಇನ್ನೂ ಮೈಯಿಂದ ಹೋಗಿಲ್ಲ. ಅಂದಿನಿಂದ ಸಣ್ಣಸಣ್ಣದಕ್ಕೂ ಬೆಚ್ಚಿಬೀಳುವುದೇ ನನ್ನ ಸ್ವಭಾವವಾಗಿಹೋಯಿತು. ಬೀಡಿಗೆ ಎದೆ ಗಟ್ಟಿ ಎನ್ನುವವರು ನನ್ನನ್ನೊಮ್ಮೆ ಕೇಳಿ ನೋಡಲಿ.

ಸುರಿದವನು ಕಾಯ್ತಾನ್ ಫುರ್ತಾದ್. ಮಡಗಾಂವ್ ಕಡೆಯವನು. ಗೋವೆಯಲ್ಲಿ ಪೋರ್ಚುಗೀಸರು ಇನ್ನೂ ಇದ್ದಾಗಲೇ ಗಡಿ ದಾಟಿ ಬಂದು ಹುಬ್ಬಳ್ಳಿಯಲ್ಲಿ ಎರಕದ ಕೆಲಸ ಕಲಿತವನು. ದಿನವಿಡೀ ಕಬ್ಬಿನ ಗಾಣದ ಚಕ್ರ ಎರೆಯುವುದೇ ಅವನ ದುಡಿಮೆ. ಮದುವೆ ಗೊತ್ತಾದಾಗ ಮಾಲೀಕರ ಅಪ್ಪಣೆ ಪಡೆದು, ಉಳಿದ ಬೀಡಿನಲ್ಲಿ ಹೆಂಡತಿಯಾಗುವವಳಿಗೆಂದು ನನ್ನನ್ನು ಎರೆದ. ಎತ್ತಲು ಎರಡು ಕಿವಿ ಕೊಟ್ಟ. ಎಡಗಿವಿ ಸೊಟ್ಟಗಾಯಿತು. "ಇರಲಿ ಬಿಡ, ನನ್ನ ಕಿವೀನೂ ಹಂಗ ಅದ" ಎಂದು ಜೊತೆಗಾರರ ಎದುರಿಗೇ ನಕ್ಕ. ಹುಟ್ಟಿದ ದಿನವೇ ಅವಮಾನ!

ಮದುಮಗಳ ಹೆಸರು ಪಿಯೆದಾದ್. ಅವರು ಮನೆ ಮಾಡಿದ್ದ ಹುಬ್ಬಳ್ಳಿಯ ಕೇಶ್ವಾಪುರದ ನೆರೆಹೊರೆಯವರ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. ಅವರು ಅವಳನ್ನು ಪ್ಯಾದಾಬಾಯಿ ಮಾಡಿದರು. ಅವಳೂ ಅದನ್ನೇ ಉಟ್ಟುಕೊಂಡಳು. ಮನೆಯೊಳಗೆ ಆ ಇಬ್ಬರದು ಕೊಂಕಣಿ, ಬಾಗಿಲು ದಾಟಿದರೆ ಹುಬ್ಬಳ್ಳಿ ಮಾತು. ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಹೀಗಾಗಿ ಎಲ್ಲರ ಮಾತನ್ನೂ ಹುಬ್ಬಳ್ಳಿಯ ಮಾತಿನಲ್ಲೇ ಹೇಳುತ್ತೇನೆ.

ಪ್ಯಾದಾಬಾಯಿಯ ತಾಯಿ ಮಡಗಾಂವ್‌ನಲ್ಲಿ ಒಬ್ಬ ಪೋರ್ಚುಗೀಸ್ ಅಧಿಕಾರಿಯ ಮನೆಯ ಅಡುಗೆಯವಳು. ಅಲ್ಲಿಂದ ಮಗಳ ಕೈಗೆ ಬಂದದ್ದು ಕಾಳಿನ ಸೂಪು. ಸೂಪು ಅಂದರೆ ಹೋಟೆಲಿನಲ್ಲಿ ಕಪ್ಪಿನಲ್ಲಿ ಕೊಡುವ ನೀರು ಎಂದುಕೊಳ್ಳಬೇಡಿ. ಚಮಚ ನೆಟ್ಟರೆ ನಿಲ್ಲಬೇಕು, ಅಂಥದ್ದು. ಹಿಂದಿನ ದಿನ ನೆನೆಹಾಕಿದ ಕೆಂಪು ಕಾಳು, ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಗಜ್ಜರಿ, ಕೈಯಿಂದ ಹರಿದು ಹಾಕಿದ ಕ್ಯಾಬೀಜು, ಒಂದೆರಡು ಪಲಾವ್ ಎಲೆ. ಕಾಳು ಬೆರಳಿಗೆ ಹಿಸುಕುವಷ್ಟು ಬೆಂದ ಮೇಲೆ ಟೊಮೇಟೊ ಮತ್ತು ಗೋವೆಯ ಹಂದಿಮಾಂಸದ ಸಾಸೇಜು. ಸಾಸೇಜಿನಲ್ಲಿ ವಿನೆಗರ್ ಇರುತ್ತದೆ. ಆ ಹುಳಿ ಮೊದಲೇ ಬಿದ್ದರೆ ಕಾಳು ಕಲ್ಲಾಗಿ ಕುಳಿತುಬಿಡುತ್ತದೆ. ಇಷ್ಟೆಲ್ಲ ಅವಳಿಗೆ ಗೊತ್ತಿತ್ತು.

ಗೊತ್ತಿಲ್ಲದ್ದು ಒಂದೇ, ಹೊಸ ಬೀಡಿನ ಬುದ್ಧಿ. ಮೈಗೆ ಎಣ್ಣೆ ಸವರಿ, ಬೆಂಕಿಗೆ ಕಾಯಿಸಿ, ಮತ್ತೆ ಸವರಿ ಕಪ್ಪು ಚರ್ಮ ಬರಿಸದೆ ನನ್ನಂಥವನಲ್ಲಿ ಹುಳಿ ಬೇಯಿಸಬಾರದು. ಅವಳು ಮದುವೆಯಾಗಿ ಬಂದ ವಾರವೇ ಬೇಯಿಸಿದಳು. ಮುಚ್ಚಳ ತೆಗೆದರೆ ಸೂಪು ಮಸಿಯ ಹಾಗೆ! ಬಾಯಿಗಿಟ್ಟರೆ ಬರೀ ಕಬ್ಬಿಣ! ಅವಳು ಸೌಟು ಬಿಸಾಕಿ ಅಳಲು ಕೂತಳು. ನನಗೆ ನಾಚಿಕೆಯಾಗಿ ಮತ್ತೆ ಕರಗಿಹೋಗಬಾರದೇ ಅನ್ನಿಸಿತು. ಕಾಯ್ತಾನ್ ಮಾತ್ರ ಬಟ್ಟಲು ತುಂಬ ಬಡಿಸಿಕೊಂಡು, ತಿಂದು, ಮತ್ತೆ ಬಡಿಸಿಕೊಂಡ. ಆಮೇಲೆ ಕಪ್ಪಾದ ಹಲ್ಲು ಕಿರಿದು ಹೇಳಿದ, "ಪ್ಯಾದಾ, ನಾ ಎರದ ಬೀಡ ಇಷ್ಟ ಚಲೋ ರುಚಿ ಅದ ಅಂತ ನನಗ ಗೊತ್ತ ಇರಲಿಲ್ಲ ನೋಡ!"

ಅವಳು ಅಳುತ್ತಲೇ ನಕ್ಕಳು. ತಾನೂ ತಿಂದಳು. ಅವಳ ಹಲ್ಲೂ ಕಪ್ಪು. ಇಬ್ಬರೂ ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕದ್ದನ್ನು ನಾನು ಒಲೆಯ ಮೇಲಿಂದ ಬಾಯಿ ತೆರೆದು ನೋಡಿದೆ.

ಆಮೇಲೆ ನನಗೆ ಚರ್ಮ ಬಂತು. ಪಕ್ಕದ ಮನೆಯ ಮುದುಕಿಯೊಬ್ಬಳು ಹೇಳಿಕೊಟ್ಟಂತೆ ಪ್ಯಾದಾಬಾಯಿ ಎಣ್ಣೆ ಸವರಿ, ಕಾಯಿಸಿ, ಸವರಿ, ಕಾಯಿಸಿ ನನ್ನ ಮೈಯನ್ನು ಕಾಡಿಗೆಯಷ್ಟು ನುಣುಪು ಮಾಡಿದಳು. ಅಂದಿನಿಂದ ನನಗೆ ಸಾಬೂನಿಲ್ಲ, ಹುಣಸೆಹಣ್ಣಿಲ್ಲ. ಬರೀ ಬಿಸಿನೀರು, ಅರಿವೆ, ಒಂದು ತೊಟ್ಟು ಎಣ್ಣೆ. ಸೂಪು ಕೆಂಪಗೆ, ಘಮಘಮ ಬರತೊಡಗಿತು. ಕಬ್ಬಿಣದ ರುಚಿ ಒಳಗೆಲ್ಲೋ ಮುಚ್ಚಿಹೋಯಿತು. ಆ ಮನೆಯಲ್ಲಿ ಆದಿತ್ಯವಾರವೆಂದರೆ ಇಗರ್ಜಿ, ಆಮೇಲೆ ನಾನು.

ಸುಖವಾಗಿದ್ದೆನೇ? ಎಲ್ಲಿಯದು! ಮಗ ಆಗ್ನೆಲ್ ತಡವಾಗಿ ಹುಟ್ಟಿದ. ನಡೆಯಲು ಕಲಿತದ್ದೇ ತಡ, ನನ್ನನ್ನು ಬೋರಲು ಹಾಕಿ ಕ್ರಿಕೆಟ್ಟಿನ ವಿಕೆಟ್ ಮಾಡಿದ. ಒಮ್ಮೆ ಓಣಿಯವರೊಬ್ಬರು ಮದುವೆಗೆಂದು ನನ್ನನ್ನು ಎರವಲು ಒಯ್ದು, ಬೀಗರ ಸ್ನಾನಕ್ಕೆ ನೀರು ಕಾಯಿಸಿದರು. ನನ್ನಲ್ಲಿ, ಸ್ನಾನದ ನೀರು! ಆಮೇಲೆ ಕುಕ್ಕರ್ ಎಂಬುದು ಬಂತು. ಅದು ಮೊದಲ ಸಲ ಸೀಟಿ ಹೊಡೆದಾಗ ನಾನು ಒಡೆದೇಹೋದೆ ಎಂದುಕೊಂಡೆ. ಪ್ಯಾದಾಬಾಯಿ ಅನ್ನಕ್ಕೆ ಅದನ್ನು ಹಚ್ಚಿದಳು, ಸೂಪಿಗೆ ಮಾತ್ರ ಹತ್ತಿರ ಬಿಡಲಿಲ್ಲ.

ಆಗ್ನೆಲ್ ತನ್ನ ಆಫೀಸಿನಲ್ಲೇ ಕೆಲಸಕ್ಕಿದ್ದ ನವಲಗುಂದದ ಹುಡುಗಿಯನ್ನು ಮದುವೆಯಾದ. ನೀಲಾಂಬಿಕಾ, ಲಿಂಗವಂತರ ಮನೆಯವಳು. ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಮೊದಲ ಆದಿತ್ಯವಾರ ನನ್ನ ಮುಚ್ಚಳ ತೆರೆದಾಗ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಪ್ಯಾದಾಬಾಯಿಯ ಮುಖ ಬಿಗಿಯಿತು. ಕಾಯ್ತಾನ್ ಒಂದು ಬಟ್ಟಲು ಕಾಳನ್ನು ಬೇರೆಯೇ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸೊಸೆಯ ಮುಂದಿಟ್ಟ. "ತಿನ್ನವ್ವಾ. ಇದರಾಗ ಹಂದಿ ಇಲ್ಲ, ಬರೇ ಮಾವ ಅದಾನ" ಎಂದ. ಅವಳು ತಿಂದಳು. ಅತ್ತೆ ಮಾತ್ರ ಆಮೇಲೂ ಅವಳಿಗೆ ಸೌಟು ಕೊಡಲಿಲ್ಲ. ನೀಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಅಷ್ಟೇ.

ಒಂದು ಶನಿವಾರ ಕಾಳು ನೆನೆಹಾಕಿಯಾಗಿತ್ತು. ಮರುದಿನ ಬೆಳಿಗ್ಗೆ ಕಾಯ್ತಾನ್ ಚೀಲ ಹಿಡಿದು, "ಕ್ಯಾಬೀಜ್ ತರ್ತೇನಿ, ಒಲಿ ಹಚ್ಚಿರು" ಎಂದು ಹೋದ. ಪ್ಯಾದಾಬಾಯಿ ಒಲೆ ಹಚ್ಚಿದಳು. ಸಂತೆಯಲ್ಲಿ ಕ್ಯಾಬೀಜು ಆರಿಸುತ್ತಿದ್ದವನು ಅಲ್ಲೇ ಕುಸಿದನಂತೆ. ಮನೆಗೆ ಬಂದದ್ದು ಮೊದಲು ಚೀಲ, ಆಮೇಲೆ ಅವನು. ನಾನು ಖಾಲಿ ಹೊಟ್ಟೆಯಲ್ಲಿ ಒಲೆಯ ಮೇಲೆ ಕಾಯುತ್ತಲೇ ಇದ್ದೆ. ಬೆಂಕಿ ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಪ್ಯಾದಾಬಾಯಿ ಅಳಲಿಲ್ಲ. ಅದೇ ಎಲ್ಲರಿಗೂ ಹೆದರಿಕೆ ಹುಟ್ಟಿಸಿದ್ದು. ಸಿಡಿಲು ಬಡಿದವಳಂತೆ ಕೂತಳು, ಕೂತೇ ಇದ್ದಳು. ಮಾತಿಲ್ಲ. ಊಟವಿಲ್ಲ. ಗಂಜಿ ತುಟಿಗಿಟ್ಟರೆ ಮುಖ ತಿರುಗಿಸುತ್ತಿದ್ದಳು. ಬಲವಂತ ಮಾಡಿದರೆ ಒಂದು ಗುಟುಕು ನೀರು. ನೆನೆಹಾಕಿದ ಕಾಳು ಮೂಲೆಯಲ್ಲಿ ಮೊಳಕೆಯೊಡೆದು, ಕೊಳೆತು ನಾರಿತು. ಆಸ್ಪತ್ರೆಗೆ ಒಯ್ದು ಸಲೈನ್ ಏರಿಸಿ ತಂದರು. ಮನೆಗೆ ಬಂದ ಮೇಲೆ ಮತ್ತೆ ಅದೇ. ಡಾಕ್ಟರು ಅಡುಗೆಮನೆಯ ಬಾಗಿಲಲ್ಲೇ ನಿಂತು ಆಗ್ನೆಲ್‌ಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. "ತಾವಾಗೇ ಏನರ ಉಣ್ಣಬೇಕ್ರೀ ಅವರು. ಹಿಂಗ ಆದ್ರ ನಮ್ಮ ಕೈಯಾಗ ಇಲ್ರೀ." ಒಂದೇ ತಿಂಗಳಲ್ಲಿ ಎರಡು ಹೆಣವೇ? ನನ್ನ ಬೀಡಿನ ಎದೆಯೂ ಝಲ್ಲೆಂದಿತು.

ಆ ರಾತ್ರಿ ನೀಲಾ ಯಾರಿಗೂ ಹೇಳದೆ ಹೊಸ ಕಾಳು ನೆನೆಹಾಕಿ, ಮರುದಿನ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾ ಸೂಪ್ ಮಾಡ್ತೇನಿ" ಎಂದಳು.

"ನೀನಾ?" ಆಗ್ನೆಲ್ ಬೆರಗಾದ. "ಅದರಾಗ ಸಾಸೇಜ್ ಹಾಕಬೇಕು."

"ಹಾಕ್ತೇನಿ. ಮೂಗ ಕಟಗೊಂಡ ಹಾಕ್ತೇನಿ. ಅತ್ತಿ ಉಂಡ್ರ ಸಾಕು."

ಅವನು ಸಾಸೇಜು ಹುಡುಕಿಕೊಂಡು ಹೊರಗೆ ಹೋದ. ಅವನು ಮನೆಯಲ್ಲಿದ್ದಿದ್ದರೆ ತಡೆಯುತ್ತಿದ್ದನೋ ಏನೋ. ನೀಲಾ ನನ್ನನ್ನು ಎರಡೂ ಕಿವಿ ಹಿಡಿದು ಹಿತ್ತಲಿಗೆ ಒಯ್ದಳು. ಅವಳ ತವರಿನಲ್ಲಿ ಸಾವಾದ ಮನೆಯ ಪಾತ್ರೆಯನ್ನು ತಿಕ್ಕಿ ತೊಳೆಯದೆ ಒಲೆಗೆ ಏರಿಸುವುದಿಲ್ಲ. ಸೂತಕದ ಭಾಂಡೆಯಲ್ಲಿ ಅತ್ತೆಗೆ ಅನ್ನ ಬೇಯಿಸುವುದುಂಟೇ? ನನ್ನ ಕರಿ ಮೈ ನೋಡಿ, "ಅಯ್ಯ ಶಿವನ! ಎಷ್ಟ ವರ್ಷದ ಮಸಿ ಇದು!" ಎಂದು ಹುಣಸೆಹಣ್ಣು, ಇಟ್ಟಂಗಿ ಪುಡಿ, ತಂತಿಯ ಜುಂಗು ತೆಗೆದುಕೊಂಡು ಕೂತಳು.

ಬ್ಯಾಡವ್ವಾ! ಬ್ಯಾಡ! ಅದು ಮಸಿಯಲ್ಲ, ನನ್ನ ಚರ್ಮ! ಕೂಗಲು ಗಡಿಗೆಗೆ ಬಾಯಿಯಿದೆ, ದನಿ ಎಲ್ಲಿದೆ? ನನಗೆ ಹುಣಸೆಹಣ್ಣು ಸಲ್ಲದೆಂಬುದು ಆ ಮನೆಯಲ್ಲಿ ಎಲ್ಲರಿಗೂ ಎಷ್ಟು ಗೊತ್ತಿತ್ತೆಂದರೆ ಸೊಸೆಗೆ ಹೇಳಬೇಕೆಂದು ಒಬ್ಬರಿಗೂ ತೋಚಿರಲಿಲ್ಲ. ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ರಟ್ಟೆ ಬಿದ್ದುಹೋಗುವಂತೆ ತಿಕ್ಕಿದಳು. ತಿಕ್ಕುತ್ತ, "ಮಾವಾರ, ನೀವರ ಅತ್ತಿಯವರಿಗೆ ಸ್ವಲ್ಪ ಉಣ್ಣಾಕ ಹೇಳ್ರಿ" ಎಂದು ತಾನೇ ಅಳುತ್ತಿದ್ದಳು. ಹೀಗೆ ಅಳುವವಳನ್ನು ಬೈಯುವುದಾದರೂ ಹೇಗೆ? ಕೊನೆಗೆ ಬೂದುಬಣ್ಣದ ಬತ್ತಲೆ ಮೈಯಲ್ಲಿ ಬಿಸಿಲಿಗೆ ಕೂತೆ. ಓಣಿಯ ನಾಯಿ ಬಂದು ಮೂಸಿತು. ನನ್ನ ಮಾನ ಹೋಯಿತು.

ನೀಲಾ ಅತ್ತೆಯ ಪದ್ಧತಿಯನ್ನು ಒಂದೂ ತಪ್ಪಿಸಲಿಲ್ಲ. ಬಾಗಿಲಲ್ಲಿ ನಿಂತು ಅಷ್ಟೂ ಕಲಿತಿದ್ದಳು. ಕ್ಯಾಬೀಜನ್ನು ಕೈಯಿಂದ ಹರಿದಳು. ಕಾಳನ್ನು ಬೆರಳಿಗೆ ಹಿಸುಕಿ ನೋಡಿದಳು. ಆಮೇಲೆ ಟೊಮೇಟೊ. ಆಮೇಲೆ ಉಸಿರು ಬಿಗಿಹಿಡಿದು, ಚಿಮ್ಮಟದಿಂದ, ಗಂಡ ಬಾಗಿಲಲ್ಲೇ ತಂದುಕೊಟ್ಟ ಸಾಸೇಜು. ವಿನೆಗರಿನ ಹುಳಿ ನನ್ನ ಬರಿ ಮೈಗೆ ತಾಗಿದ್ದೇ ತಡ ನನಗೆ ಗೊತ್ತಾಗಿಹೋಯಿತು. ಅಯ್ಯೋ, ಕೆಟ್ಟಿತು! ಕೆಂಪು ರಸ ಕಂದಾಯಿತು, ಕಂದು ಕಪ್ಪಾಯಿತು, ಮಸಿಯಾಯಿತು.

ಆಗ್ನೆಲ್ ಮುಚ್ಚಳ ತೆಗೆದವನು ಎರಡು ಹೆಜ್ಜೆ ಹಿಂದೆ ಸರಿದ. "ನೀಲಾ! ಏನ ಮಾಡೀ ಇದನ್ನ? ಗಡಗೀನ್ನ ಹುಣಸಿಹಣ್ಣ ಹಾಕಿ ತಿಕ್ಕಿಯೇನ? ಅಯ್ಯೋ, ಅಪ್ಪ ಎರದ ಗಡಗಿ ಅದು! ಅವ್ವ ನೋಡಿದ್ರ ಇಲ್ಲೇ ಜೀವಾ ಬಿಡ್ತಾಳ! ಕೊಡ ಇಲ್ಲೆ, ಚೆಲ್ಲತೇನಿ."

"ನಾ ಚಲೋದಾಗಲಿ ಅಂತ..." ನೀಲಾ ನನಗೆ ಅಡ್ಡ ಬಂದಳು. ಸೌಟು ಅವಳ ಕೈಜಾರಿ ನನ್ನ ಅಂಚಿಗೆ ಬಡಿಯಿತು.

ಠಣ್! ನಾನೇ ಬೆಚ್ಚಿದೆ. ಚರ್ಮವಿದ್ದಾಗ ನನ್ನದು ಮಂದ ದನಿ. ಇದು ಕಾರ್ಖಾನೆಯ ದನಿ, ಅಚ್ಚಿನಿಂದ ತೆಗೆದ ದಿನ ಕಾಯ್ತಾನ್ ಸುತ್ತಿಗೆಯಿಂದ ತಟ್ಟಿ ಕೇಳಿದ ದನಿ.

ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಪ್ಯಾದಾಬಾಯಿ ಬಂದಳು. ಎಷ್ಟೋ ದಿನಗಳಿಂದ ಹಾಸಿಗೆ ಬಿಟ್ಟು ಏಳದವಳು! ಅವಳು ನನ್ನನ್ನು ನೋಡಿದಳು. ನನ್ನ ಬೂದು ಮೈಯನ್ನು, ಸೊಟ್ಟ ಕಿವಿಯನ್ನು, ಕಪ್ಪು ಸೂಪನ್ನು. ನೀಲಾ ಕಣ್ಣು ಮುಚ್ಚಿಕೊಂಡಳು, ಬೈಗುಳಕ್ಕೆ. ಪ್ಯಾದಾಬಾಯಿ ಸೌಟು ತೆಗೆದುಕೊಂಡು, ಊದಿ, ಬಾಯಿಗಿಟ್ಟಳು.

ಸೌಟು ಬಾಯಲ್ಲೇ ನಿಂತಿತು. ಕಣ್ಣು ಅಗಲವಾದವು.

"ಕಾಯ್ತಾನ್" ಎಂದಳು. ಅದು ಅವಳ ಮೊದಲ ಮಾತು. ಆಮೇಲೆ ಮಗನ ತೋಳು ಹಿಡಿದು ಅಲುಗಾಡಿಸಿದಳು. "ಲೇ ಆಗ್ನೆಲ್, ನಿಮ್ಮಪ್ಪಾ ಎರದ ಬೀಡಲೇ ಇದು! ಇದರ ರುಚಿ ಹೋಗೇ ಬಿಟ್ಟಿತ್ತು ಅಂತ ತಿಳದಿದ್ನಿ! ಇಲ್ಲೇ ಅದಾನಲ್ಲೋ ಅಂವಾ, ಇಲ್ಲೇ ಒಳಗ ಅದಾನಲ್ಲೋ!"

ಅಲ್ಲೇ ನೆಲಕ್ಕೆ ಕೂತು, ಬಟ್ಟಲು ಹಾಕಿಸಿಕೊಂಡು ತಿಂದಳು. ತಿನ್ನುತ್ತ ಅತ್ತಳು. ಅಷ್ಟು ದಿನ ಒಳಗೇ ಹೆಪ್ಪುಗಟ್ಟಿದ್ದ ಅಳು ಅದು. ಮತ್ತೆ ಬಟ್ಟಲು ಚಾಚಿದಳು. ಮೊದಲ ದಿನದ ಕಪ್ಪು ಸೂಪಿನ ಕಥೆಯನ್ನು ಮಗನಿಗೆ, ಸೊಸೆಗೆ ಹೇಳಿದಳು. ಹೇಳುವಾಗ ನಕ್ಕಳು, ಹಲ್ಲೆಲ್ಲ ಕಪ್ಪು. ನೀಲಾ ಅಳುತ್ತ, ನಗುತ್ತ, ತಾನೂ ಒಂದು ಚಮಚ ಎತ್ತಿ, ಕಣ್ಣು ಮುಚ್ಚಿ ನುಂಗಿಬಿಟ್ಟಳು. ನಾನು ಬೆಚ್ಚಿಬಿದ್ದ ಸಂಗತಿಗಳ ಸಾಲಿನಲ್ಲಿ ಅದಕ್ಕೇ ಅಗ್ರಸ್ಥಾನ.

ಊಟ ಮುಗಿದ ಮೇಲೆ ನೀಲಾ ಎಣ್ಣೆ ತಂದಳು, "ಮತ್ತ ಕರೀ ಮಾಡೂಣೇನ್ರಿ ಅತ್ತಿ?" ಎಂದಳು. "ಮಾಡ" ಎಂದಳು ಪ್ಯಾದಾಬಾಯಿ, ಸೌಟನ್ನು ಅವಳ ಕೈಗಿಟ್ಟು. "ವರ್ಷಕ್ಕ ಒಮ್ಮೆ, ಅವನ ದಿನಕ್ಕ, ಹಿಂಗ ತಿಕ್ಕಿ ಕೊಡು."

ವರ್ಷಕ್ಕೊಮ್ಮೆ! ನನ್ನನ್ನು ಒಂದು ಮಾತು ಕೇಳಿದರೇ? ವರ್ಷಕ್ಕೊಮ್ಮೆ ಚರ್ಮ ಸುಲಿಸಿಕೊಳ್ಳುವುದು ಯಾವ ಗಡಿಗೆಯ ಹಣೆಯಲ್ಲಿ ಬರೆದಿದೆ? ಆದರೂ ಪ್ರತಿವರ್ಷ ಸುಲಿಸಿಕೊಂಡೆ. ಪ್ಯಾದಾಬಾಯಿ ಇನ್ನೂ ಬಹಳ ವರ್ಷ ಬದುಕಿ, ಬಹಳ ಜನರನ್ನು ಬೈದು, ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋದಳು. ತಿಕ್ಕಿ ತಿಕ್ಕಿ ನನ್ನ ತಳ ತೆಳ್ಳಗಾಯಿತು, ಬಿರುಕು ಬಿಟ್ಟಿತು. ನೀರು ನಿಲ್ಲದ ಗಡಿಗೆ ಹಿತ್ತಲಿಗೆ ಬಂತು, ಕಪ್ಪು ಸೂಪೂ ನಿಂತುಹೋಯಿತು. ಈಗ ನೀಲಾ ನನ್ನಲ್ಲಿ ಪುದೀನ ಬೆಳೆಸುತ್ತಾಳೆ. ಬೇರುಗಳು ಕಚಗುಳಿ ಇಡುತ್ತವೆ. ಇರಲಿ, ಮುದಿವಯಸ್ಸಿಗೆ ಇದು ಸಾಕು ಎಂದುಕೊಂಡಿದ್ದೆ.

ಕಳೆದ ವರ್ಷ, ಅವನ ದಿನ, ನೀಲಾ ಹಿತ್ತಲಿಗೆ ಬಂದಳು. ಕೈಯಲ್ಲಿ ಹುಣಸೆಹಣ್ಣೂ ಇತ್ತು, ಸುತ್ತಿಗೆಯೂ ಇತ್ತು. ಸುತ್ತಿಗೆ! ನನ್ನ ಸೊಟ್ಟ ಕಿವಿ ಮೊದಲೇ ಅಲುಗಾಡುತ್ತಿತ್ತು. "ತಪ್ಪ ತಿಳೀಬ್ಯಾಡಪಾ" ಎಂದು ಮೆಲ್ಲಗೆ ಒಂದೇ ಏಟು ಹಾಕಿದಳು. ಕಿವಿ ಕಳಚಿ ಅವಳ ಅಂಗೈಗೆ ಬಿತ್ತು. ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ತೊಳೆದು, ಒಳಗೆ ಒಯ್ದು ಕುಕ್ಕರಿನಲ್ಲಿ ಬೆಂದ ಕಾಳು, ಟೊಮೇಟೊ, ಸಾಸೇಜಿನ ಜೊತೆ ಹಾಕಿದಳು. ನನ್ನ ಕಿವಿ! ಆ ಸೀಟಿ ಹೊಡೆಯುವವನ ಹೊಟ್ಟೆಯಲ್ಲಿ!

ನಾನು ಪುದೀನದ ಕೆಳಗೆ, ಉಳಿದ ಒಂದು ಕಿವಿಯಿಂದ ಕೇಳುತ್ತ ಕೂತೆ. ಸೀಟಿಯಾಯಿತು. ಮುಚ್ಚಳ ತೆಗೆದರು. ಆಗ್ನೆಲ್‌ನ ಮಗಳು, ಅಜ್ಜನನ್ನು ಕಣ್ಣಿಂದ ನೋಡದವಳು, "ಅವ್ವಾ, ಕರ್ರಗ ಆಗೇದಲ್ಲ!" ಎಂದು ಚೀರಿದಳು. "ಹಂಗ ಆಗಬೇಕವ್ವಾ, ಉಣ್ಣು" ಎಂದಳು ನೀಲಾ. ಸ್ವಲ್ಪ ಹೊತ್ತಿಗೆ ಆ ಹುಡುಗಿ ಬಟ್ಟಲು ಹಿಡಿದು ಹಿತ್ತಲಿಗೆ ಬಂದು ನನ್ನ ಪಕ್ಕದಲ್ಲೇ ಕೂತಳು. ಬಟ್ಟಲು ನೆಕ್ಕಿ, ತಲೆಯೆತ್ತಿ ನಕ್ಕಳು. ಹಲ್ಲು ಪೂರಾ ಕಪ್ಪಾಗಿದ್ದವು.