ಲೆವಿ ಕೂಗಿದ ಹೆಸರು

ಫಿಲಾಂಡರ್ ಟ್ಯಾಕೆಟ್ ದೊಡ್ಡ ಮನುಷ್ಯನಾದದ್ದು ನನ್ನ ಗಂಡನ ಹೆಣದ ಮೇಲೆ ನಿಂತು. ಇದನ್ನು ನಯವಾಗಿ ಹೇಳುವ ಹೆಂಗಸು ನಾನಲ್ಲ.

ನನ್ನ ಗಂಡ ರಾನ್ಸಮ್ ಹೋಬರ್ಟ್‌ಗೆ ಮಾತು ತೊದಲುತ್ತಿತ್ತು. ಕಾಡಿನಲ್ಲಿ ಮೇಯುತ್ತಿದ್ದ ಒಂದು ಹಂದಿಯ ಕಿವಿಯಲ್ಲಿ ಕೊಯ್ದಿರುವುದು ಯಾವ ಒಡೆಯನ ಗುರುತು ಎಂಬ ಜಗಳದಲ್ಲಿ ಹಿಟ್ಟಿನ ಗಿರಣಿಯ ಡ್ರೂರಿ ಅವನಿಗೆ ಗುಂಡು ಹೊಡೆದ. ಟ್ಯಾಕೆಟ್ ಆಗ ಮೊಣಕೈ ಹರಿದ ಕೋಟು ತೊಟ್ಟು, ಕುದುರೆಯ ಮೇಲೆ ಕೋರ್ಟಿನಿಂದ ಕೋರ್ಟಿಗೆ ಅಲೆಯುತ್ತಿದ್ದ ಚಿಲ್ಲರೆ ವಕೀಲ. ಡ್ರೂರಿಯ ಪರ ಎದ್ದು ನಿಂತವನು, ರಾನ್ಸಮ್ ಪ್ರಾಣಕ್ಕಾಗಿ ಬೇಡಿಕೊಂಡ ಪರಿಯನ್ನು ಜ್ಯೂರಿಯ ಮುಂದೆ ನಟಿಸಿ ತೋರಿಸಿದ.

"ಬೇ... ಬೇ... ಬೇ... ನನ್ನ ಕಕ್ಷಿದಾರ ಎಷ್ಟೊತ್ತು ಅಂತ ಕಾಯ್ಬೇಕು ಸ್ವಾಮಿ? ಮನೇಲಿ ಊಟ ಆರಿಹೋಗ್ತಿತ್ತು."

ಹನ್ನೆರಡು ಮಂದಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೂರಿ ಸಂಜೆಯೊಳಗೆ ಮನೆ ಸೇರಿದ. ಆ ನಗುವಿನಿಂದ ಟ್ಯಾಕೆಟ್‌ನ ಹೆಸರು ಇಲಿನಾಯ್ ತುಂಬ ಹಬ್ಬಿತು. ಹೊಸ ಕೋಟು ಬಂತು, ಆಮೇಲೆ ರಾಜಧಾನಿ ವಂಡಾಲಿಯಾದ ಶಾಸನಸಭೆಯ ಆಸೆ ಬಂತು.

ಅವನಿಗೆ ಎದುರಾಗಿ ರಾನ್ಸಮ್‌ನ ತಮ್ಮ ಲೆವಿಯನ್ನು ನಿಲ್ಲಿಸಿದವಳು ನಾನೇ. ಲೆವಿಗೂ ಅಣ್ಣನದೇ ತೊದಲು. ಆದರೂ ಹೊಳೆಯಾಚೆಯವರಿಗೆಲ್ಲ ಅವನೆಂದರೆ ಪ್ರೀತಿ, ಏಕೆಂದರೆ ಯಾರ ಮನೆ ಕಟ್ಟುವಾಗಲೂ ಮೊದಲ ದಿಮ್ಮಿಗೆ ಹೆಗಲು ಕೊಟ್ಟವನು ಅವನು. ಒಳ್ಳೆಯವನು, ನನ್ನನ್ನು ಕೇಳಿದರೆ, ಅತಿಯಾಗಿ ಒಳ್ಳೆಯವನು.

ನಮ್ಮಲ್ಲಿ ಮತ ಗುಟ್ಟಿನದಲ್ಲ. ಕೋರ್ಟಿನ ಜಗುಲಿಯ ಮೇಲಿನ ಮೇಜಿನ ಮುಂದೆ ನಿಂತು ಹೆಸರು ಕೂಗಬೇಕು, ಗುಮಾಸ್ತ ಬರೆದುಕೊಳ್ಳುತ್ತಾನೆ, ಪಕ್ಕದಲ್ಲೇ ಕೂತ ಅಭ್ಯರ್ಥಿ ಎದ್ದು ವಂದಿಸುತ್ತಾನೆ. ಅಭ್ಯರ್ಥಿಗಳಿಬ್ಬರೂ ಒಬ್ಬರಿಗೊಬ್ಬರು ಮತ ಕೊಟ್ಟುಕೊಳ್ಳುವುದು ಸಭ್ಯರ ರೂಢಿ. ತನ್ನ ಹೆಸರನ್ನು ತಾನೇ ಕೂಗಿಕೊಂಡವನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ.

ಮತದಾನದ ಬೆಳಿಗ್ಗೆ ಗಾಡಿಯಲ್ಲಿ ಲೆವಿಗೆ ಹೇಳಿದೆ, "ಈ ಸಲ ಆ ರೂಢಿ ಬಿಟ್ಬಿಡು."

"ಅ... ಅತ್ತಿಗೆ, ನಾಲ್ಕು ಜನರ ಮುಂದೆ ಮರ್ಯಾದೆ ಕಳ್ಕೊಳ್ಲಾ?"

"ನಿಮ್ಮಣ್ಣನ್ನ ಕೊಂದೋನನ್ನ ಬಿಡಿಸಿದೋನಿಗೆ ವೋಟ್ ಹಾಕ್ತೀಯಲ್ಲ, ಅದು ಮರ್ಯಾದೇನಾ?"

ಅವನು ಲಗಾಮು ಒದರಿ ಕುದುರೆ ಓಡಿಸಿದ. ನನಗೆ ಅವನ ಮೇಲೂ ಸಿಟ್ಟು ಬಂತು.

ಕೋರ್ಟಿನ ಮುಂದೆ ನೆರಳಿನಲ್ಲಿ ಮತದಾರರಿಗೆಂದು ತಂದ ಟ್ಯಾಕೆಟ್‌ನ ವಿಸ್ಕಿ ಪೀಪಾಯಿ ಆಗಲೇ ತೆರೆದಿತ್ತು. ಮೊದಲು ಮತ ಹಾಕಿದವನೂ ಅವನೇ. ಮೇಜಿನ ಮುಂದೆ ನಿಂತು, ಬಾಯಿ ಸೊಟ್ಟ ಮಾಡಿ, "ನನ್ನ ಮತ ಲೆ... ಲೆ... ಲೆ..." ಎಂದು ಎಳೆದ. ಜನ ಬಿದ್ದು ಬಿದ್ದು ನಕ್ಕ ಮೇಲೆ "ಲೆವಿ ಹೋಬರ್ಟ್" ಎಂದು ಮುಗಿಸಿದ. ಲೆವಿ ಎದ್ದು ವಂದಿಸಿದ. ನನ್ನ ಮೈಯೆಲ್ಲ ಉರಿದುಹೋಯಿತು.

ಹೊತ್ತು ಮುಳುಗುವಾಗ ಶೆರಿಫ್ ಎಣಿಕೆ ಕೂಗಿದ. ಇಬ್ಬರೂ ಸಮಸಮ. ಉಳಿದದ್ದು ಲೆವಿಯ ಮತ ಒಂದೇ. ಲೆವಿ ರೂಢಿ ಮುರಿಯುವವನಲ್ಲವೆಂದು ಎಲ್ಲರಿಗೂ ಗೊತ್ತು. ಆಗಲೇ ಟ್ಯಾಕೆಟ್‌ನ ಕೈ ಕುಲುಕುತ್ತಿದ್ದರು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವನು ಗೆಲ್ಲುತ್ತಿದ್ದ. ಆದರೆ ಎದುರಿಗೆ ಜನ ಕಂಡರೆ ಅವನ ನಾಲಿಗೆ ಸುಮ್ಮನಿರದು.

"ಬಾರಪ್ಪ ಲೆವಿ, ಅವಸರ ಏನಿಲ್ಲ. ನಿಮ್ಮಣ್ಣ ಅಂತೂ ಮಾತು ಮುಗಿಸ್ದೆ ಹೋದ. ನೀನಾದ್ರೂ ಮುಗಿಸು."

ಕೆಲವರು ನಕ್ಕರು. ಲೆವಿಯ ಕುತ್ತಿಗೆ ಕೆಂಪಾಯಿತು. ಅವನು ನನ್ನ ಕಡೆ ನೋಡಲಿಲ್ಲ.

"ಲೆ..." ಎಂದ.

"ನನ್ ಹೆಸರು ಟ್ಯಾಕೆಟ್ ಕಣಪ್ಪ, ಮರೆತ್ಯಾ?"

ಈ ಸಲ ಯಾರೂ ನಗಲಿಲ್ಲ.

"ಲೆ... ಲೆ... ಲೆವಿ ಹೋಬರ್ಟ್."

ಗುಮಾಸ್ತನ ಲೇಖನಿ ಗಾಳಿಯಲ್ಲೇ ನಿಂತಿತು. "ಯಾರು ಅಂದೆ?"

"ನಾ... ನಾನು. ಬರ್ಕೊ."

ಟ್ಯಾಕೆಟ್ ಧಡಕ್ಕನೆ ಎದ್ದ. "ಇದೇನೋ ಇದು? ನಾನು ನಿನಗೆ ಕೊಟ್ಟಿದೀನಿ ಕಣೋ!"

ಹೆಂಗಸರು ಆ ಮೇಜಿನ ಹತ್ತಿರ ಹೋಗುವಂತಿಲ್ಲ. ನಾನು ಹೋದೆ. "ಕೊಟ್ರಿ ವಕೀಲ್ರೆ. ಎಲ್ಲರನ್ನೂ ನಗಿಸಿ ಕೊಟ್ರಿ. ಆ ಒಂದು ವೋಟು ನಿಮಗೇ ಇಟ್ಕೊಂಡಿದ್ರೆ ಇವತ್ತು ಗೆದ್ದಿರ್ತಿದ್ರಿ."

ಅವನು ಮನಸ್ಸಿನಲ್ಲೇ ತನಗೊಂದು ಕೂಡಿ, ಲೆವಿಯಿಂದೊಂದು ಕಳೆಯುವುದನ್ನು ಕಣ್ಣಾರೆ ನೋಡಿದೆ. ಲೆಕ್ಕ ಮುಗಿದಾಗ ಅವನ ಮುಖ ಬಿಳಿಚಿಹೋಯಿತು. ನನಗೆ ಎಷ್ಟೋ ವರ್ಷಗಳ ನಂತರ ಹಸಿವಾಯಿತು.

ದಾರಿಯಲ್ಲಿ ಲೆವಿ ಅತ್ತ. "ತ... ತಪ್ಪು ಮಾಡ್ದೆ ಅತ್ತಿಗೆ."

"ತಪ್ಪಾದ್ರೆ ನನ್ ತಲೆ ಮೇಲೆ ಹಾಕು. ಗಾಡಿ ಹೊಡಿ."

ಲೆವಿ ವಂಡಾಲಿಯಾಕ್ಕೆ ಹೋದ. ಟ್ಯಾಕೆಟ್ ನಾಚಿಕೆ ತಾಳಲಾರದೆ ನದಿ ದಾಟಿ ಮಿಸೌರಿಗೆ ಹೋದ. ಸುದ್ದಿ ಅವನಿಗಿಂತ ಮುಂಚೆ ಅಲ್ಲಿ ಸೇರಿತ್ತು. ಅವನು ವಾದಕ್ಕೆ ಎದ್ದರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ "ಲೆ... ಲೆ..." ಎನ್ನುತ್ತಾರಂತೆ, ಇಡೀ ಕೋರ್ಟು ನಗುತ್ತದಂತೆ.

ಅವನು ಸಾಯಲಿ ಎಂದು ನಾನು ಬಯಸುವುದಿಲ್ಲ. ಭಾನುವಾರ ನಮ್ಮ ಪಾದ್ರಿ, ಶತ್ರುಗಳಿಗಾಗಿಯೂ ಬೇಡಿಕೊಳ್ಳಿ ಎಂದಾಗ ಎಲ್ಲರಿಗಿಂತ ಮೊದಲು ಮಂಡಿಯೂರುತ್ತೇನೆ. ದೇವರೇ, ಫಿಲಾಂಡರ್ ಟ್ಯಾಕೆಟ್‌ಗೆ ದೀರ್ಘಾಯುಷ್ಯ ಕೊಡು, ಕಿವಿ ಮಾತ್ರ ಮಂದವಾಗದಿರಲಿ.